ಇಂಟರ್ನ್‌ಶಿಪ್ ಹುಡುಕುವ ಮೊದಲು ಸೂಪರ್‌ವೈಸರ್ ಯಾರು ಅಂತ ಕೇಳಿ

ಕೌನ್ಸೆಲಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವವರು ಇಂಟರ್ನ್‌ಶಿಪ್ ಬಗ್ಗೆ ಕೇಳಲು ಬಂದರೆ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಯಾವ ಸಂಸ್ಥೆಗೆ ಹೆಸರು ಜಾಸ್ತಿ? ಕೋರ್ಸ್‌ಗೆ ಬೇಕಾದ ತರಬೇತಿ ಗಂಟೆಗಳು ಬೇಗ ತುಂಬೋದು ಎಲ್ಲಿ? ಸರ್ಟಿಫಿಕೇಟ್‌ಗೆ ಬೆಲೆ ಇದೆಯಾ? ಇದೆಲ್ಲ ಕೇಳಲೇಬೇಕಾದದ್ದೇ. ಆದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಅಲ್ಲಿ ನಿಮಗೆ ಸೂಪರ್‌ವೈಸರ್ ಯಾರು, ಅವರು ನಿಮ್ಮ ಸೆಷನ್‌ಗಳನ್ನು ನಿಜವಾಗಿ ಕೇಳಿಸಿಕೊಳ್ಳುತ್ತಾರಾ? ಬಹಳ ಜನಕ್ಕೆ ಗೊತ್ತಿರುವುದಿಲ್ಲ. "ಯಾರೋ ಒಬ್ಬರು ಇರ್ತಾರೆ, ಫಾರ್ಮ್‌ಗೆ ಸಹಿ ಹಾಕ್ತಾರೆ" ಅನ್ನುತ್ತಾರೆ.

ನನಗೆ ತಳಮಳ ಆಗುವುದು ಅಲ್ಲೇ. ಯಾಕೆಂದರೆ ಎದುರಿಗೆ ಕೂರುವ ಮನುಷ್ಯ ಅಭ್ಯಾಸದ ಪುಸ್ತಕ ಅಲ್ಲ. ಅವರು ಯಾರಿಗೂ ಹೇಳದ ಮಾತನ್ನು ಇನ್ನೂ ಕಲಿಯುತ್ತಿರುವ ಒಬ್ಬರ ಮುಂದೆ ಹೇಳುತ್ತಿದ್ದಾರೆ. ಆ ವ್ಯವಸ್ಥೆ ನ್ಯಾಯವಾಗಿರಬೇಕಾದರೆ ಕಲಿಯುವವರ ಹಿಂದೆ ಅನುಭವ ಇರುವ ಇನ್ನೊಬ್ಬರು ನಿಂತಿರಬೇಕು. ಹೆಸರಿಗೆ ನಿಂತಿದ್ದರೆ ಸಾಲದು, ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿರುವಷ್ಟು ಹತ್ತಿರ ಇರಬೇಕು.

ಗಂಟೆಗಳ ಲೆಕ್ಕ ಮೊದಲು ಮುಗಿಸಿಬಿಡೋಣ. ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಕೇಕ್ರೆಪ್ ಅನ್ನೋ ಸಂಸ್ಥೆಯ ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮೊದಲು 100 ಗಂಟೆಯ ಪ್ರಾಕ್ಟಿಕಮ್, ಅಂದರೆ ಇಂಟರ್ನ್‌ಶಿಪ್‌ಗೆ ಮುಂಚಿನ ಆರಂಭದ ತರಬೇತಿ, ಅದರಲ್ಲಿ ಕನಿಷ್ಠ 40 ಗಂಟೆ ಕ್ಲೈಂಟ್‌ಗಳ ಜೊತೆ ನೇರವಾಗಿ. ಆಮೇಲೆ 600 ಗಂಟೆಯ ಇಂಟರ್ನ್‌ಶಿಪ್, ಅದರಲ್ಲಿ ಕನಿಷ್ಠ 240 ಗಂಟೆ ನೇರವಾಗಿ. ಇದರ ಉದ್ದಕ್ಕೂ ವಾರಕ್ಕೆ ಸರಾಸರಿ 1 ಗಂಟೆ ಸೂಪರ್‌ವೈಸರ್ ಜೊತೆ ಕೂರಬೇಕು, ಒಬ್ಬರೇ ಅಥವಾ ಇನ್ನೊಬ್ಬ ಇಂಟರ್ನ್ ಜೊತೆಗೆ. ಅಂದರೆ 600ರಲ್ಲಿ 360 ಗಂಟೆಯವರೆಗೂ ಕ್ಲೈಂಟ್ ಎದುರಿಗೆ ಇಲ್ಲದ ಕೆಲಸವೇ ಇರಬಹುದು. ನೋಟ್ಸ್ ಬರೆಯೋದು, ಕೇಸ್ ಮೀಟಿಂಗ್, ಓದು, ಸೂಪರ್‌ವಿಷನ್. ಬಹಳ ಜನ ಇದನ್ನು ಪಕ್ಕದ ಕೆಲಸ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಕಲಿಕೆ ಗಟ್ಟಿಯಾಗೋದು ಅಲ್ಲೇ. ಸೆಷನ್‌ನಲ್ಲಿ ಆಗಿದ್ದು ಏನು ಅಂತ ಅರ್ಥ ಆಗೋದು ಸೆಷನ್ ಮುಗಿದ ಮೇಲೆ, ಯಾರ ಜೊತೆಗಾದರೂ ಕೂತು ಅದನ್ನು ಬಿಡಿಸಿ ನೋಡಿದಾಗ.

ಆದರೆ ಬಿಡಿಸಿ ನೋಡಲು ಏನನ್ನು ತೆಗೆದುಕೊಂಡು ಹೋಗುತ್ತೀರಿ? ಹೆಚ್ಚಿನ ಕಡೆ ಇಂಟರ್ನ್ ಹೋಗಿ ಕೂತು ಬಾಯಲ್ಲಿ ಹೇಳುತ್ತಾರೆ. "ಈ ವಾರ ಹೀಗಾಯ್ತು ಮೇಡಂ, ಅವರು ಹೀಗಂದರು, ನಾನು ಹೀಗಂದೆ." ಸೂಪರ್‌ವೈಸರ್ ತಲೆಯಾಡಿಸಿ ಒಂದೆರಡು ಸಲಹೆ ಕೊಡುತ್ತಾರೆ. ಇಷ್ಟು ಮಾತ್ರ ಸಾಕಾಗುವುದಿಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ. 1996ರಲ್ಲಿ ನಿಕೋಲಸ್ ಲಡಾನಿ ಮತ್ತು ಜೊತೆಗಾರರು ಕಲಿಯುತ್ತಿರುವ ಥೆರಪಿಸ್ಟ್‌ಗಳನ್ನು ಕೇಳಿದರು, ಸೂಪರ್‌ವೈಸರ್‌ಗೆ ಹೇಳದೆ ಬಿಟ್ಟದ್ದು ಏನಾದರೂ ಇದೆಯಾ ಅಂತ. ಶೇ 97.2ರಷ್ಟು ಜನ ಇದೆ ಅಂದರು. ಹೆಚ್ಚಾಗಿ ಮುಚ್ಚಿಟ್ಟದ್ದು ಸೂಪರ್‌ವೈಸರ್ ಮೇಲಿನ ಅಸಮಾಧಾನ. ಅದರ ಜೊತೆಗೆ ತಮ್ಮ ಸ್ವಂತ ತೊಂದರೆಗಳು, ಕ್ಲೈಂಟ್ ಜೊತೆ ಆದ ತಪ್ಪುಗಳು, ಎಷ್ಟು ಅಂಕ ಬೀಳುತ್ತದೋ ಅನ್ನೋ ಚಿಂತೆ.

ಇದರಲ್ಲಿ ಆಶ್ಚರ್ಯ ಏನಿದೆ ಹೇಳಿ. ಯಾರ ಮುಂದೆ ಮನಸ್ಸು ಬಿಚ್ಚಬೇಕೋ ಅವರೇ ಕೊನೆಗೆ ನೀವು ಪಾಸಾ ಫೇಲಾ ಅಂತ ಬರೆಯುವವರು. ಇಂಥ ಜಾಗದಲ್ಲಿ ಕೂತು ಎಲ್ಲವನ್ನೂ ಹೇಳಿ ಅಂದರೆ ಯಾರು ಹೇಳುತ್ತಾರೆ? ಇಂಟರ್ನ್‌ಗಳಲ್ಲಿ ಪ್ರಾಮಾಣಿಕತೆ ಕಡಿಮೆ ಅಂತ ದೂರುವ ಸೂಪರ್‌ವೈಸರ್‌ಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹೇಳಿದರೆ ಏನಾಗುತ್ತದೆ, ಅಂಕ ಯಾವುದಕ್ಕೆ ಹೋಗುತ್ತದೆ, ಯಾವ ಮಾತು ಕಾಲೇಜಿಗೆ ತಲುಪುತ್ತದೆ, ಯಾವುದು ಈ ಕೋಣೆಯಲ್ಲೇ ಉಳಿಯುತ್ತದೆ ಅನ್ನೋದನ್ನು ಮೊದಲ ದಿನವೇ ಬರಹದಲ್ಲಿ ಕೊಟ್ಟುಬಿಟ್ಟರೆ ಅರ್ಧ ಭಯ ಅಲ್ಲೇ ಕಡಿಮೆಯಾಗುತ್ತದೆ.

ಉಳಿದ ಅರ್ಧಕ್ಕೆ ರೆಕಾರ್ಡಿಂಗ್ ಬೇಕು. ಇದು ಹೊಸ ಫ್ಯಾಷನ್ ಏನಲ್ಲ. 1940ರ ಸುಮಾರಿಗೆ, ಟೇಪ್ ಕೂಡ ಬಳಕೆಗೆ ಬರುವ ಮೊದಲೇ, ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗ್ರಾಮಫೋನ್ ಪ್ಲೇಟ್‌ಗಳ ಮೇಲೆ ಸೆಷನ್‌ಗಳನ್ನು ರೆಕಾರ್ಡ್ ಮಾಡಿಸುತ್ತಿದ್ದರು. 1942ರಲ್ಲಿ ಒಬ್ಬ ಕ್ಲೈಂಟ್ ಜೊತೆಗಿನ ಎಲ್ಲ ಭೇಟಿಗಳ ಮಾತುಗಳನ್ನೂ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆ ಅಂತ ತಿಳಿಯಬೇಕಾದರೆ ಹೆಚ್ಚಾಗಿ ಥೆರಪಿಸ್ಟ್ ಹೇಳಿದ್ದನ್ನೇ ನಂಬಬೇಕಿತ್ತು. ಮುಂದೆ 1960ರ ದಶಕದಲ್ಲಿ ನಾರ್ಮನ್ ಕೇಗನ್ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಒಂದು ವಿಧಾನ ರೂಪಿಸಿದರು. ಸೆಷನ್‌ನ ವಿಡಿಯೊ ಹಾಕುತ್ತಾರೆ, ಯಾವಾಗ ನಿಲ್ಲಿಸಬೇಕು ಅನ್ನೋದು ಕಲಿಯುವವರ ಕೈಯಲ್ಲೇ ಇರುತ್ತದೆ. ನಿಲ್ಲಿಸಿದಾಗ ಪಕ್ಕದಲ್ಲಿ ಕೂತವರು ಸರಿ ತಪ್ಪು ಹೇಳುವುದಿಲ್ಲ. ಆಗ ಮನಸ್ಸಲ್ಲಿ ಏನು ಓಡುತ್ತಿತ್ತು? ಹೇಳಬೇಕು ಅನ್ನಿಸಿ ಹೇಳದೆ ಬಿಟ್ಟಿದ್ದು ಏನಾದರೂ ಇತ್ತಾ? ಅವರು ನಿಮ್ಮ ಬಗ್ಗೆ ಏನಂದುಕೊಳ್ಳುತ್ತಿದ್ದಾರೆ ಅನ್ನಿಸಿತು? ಇಂಥ ಪ್ರಶ್ನೆಗಳು ಮಾತ್ರ.

ಇದನ್ನು ಒಮ್ಮೆ ಮಾಡಿದವರಿಗೆ ಗೊತ್ತು, ನೆನಪು ಎಷ್ಟು ಒಪ್ಪವಾದ ಕತೆ ಕಟ್ಟಿಕೊಡುತ್ತದೆ ಅಂತ. ನೀವು "ಅವರು ಅತ್ತರು, ನಾನು ಸಮಾಧಾನವಾಗಿ ಕೇಳಿಸಿಕೊಂಡೆ" ಅಂತ ನೋಟ್ಸ್‌ನಲ್ಲಿ ಬರೆದಿರುತ್ತೀರಿ. ರೆಕಾರ್ಡಿಂಗ್ ಹಾಕಿದರೆ ಅವರ ಗಂಟಲು ಕಟ್ಟುತ್ತಿದ್ದ ಹಾಗೇ ನಿಮ್ಮ ಮಾತು ಜೋರಾಗಿರುತ್ತದೆ, ಎರಡು ಸೆಕೆಂಡ್ ಮೌನವನ್ನೂ ತಡೆಯದೆ ನಿದ್ದೆ ಹೇಗಿದೆ, ಊಟ ಮಾಡ್ತಿದ್ದೀರಾ ಅಂತ ಬೇರೆ ಪ್ರಶ್ನೆಗೆ ಹಾರಿರುತ್ತೀರಿ, ಅವರೂ ಪಾಪ ಅಳು ನುಂಗಿಕೊಂಡು ಅದಕ್ಕೆ ಉತ್ತರ ಕೊಟ್ಟಿರುತ್ತಾರೆ. ಕಲಿಯುವ ಹಂತದಲ್ಲಿ ಹೀಗಾಗೋದು ತುಂಬಾ ಸಾಮಾನ್ಯ. ನೀವು ಸುಳ್ಳು ಬರೆದಿರುವುದಿಲ್ಲ, ನಿಮಗೆ ಅದು ಕಂಡಿರುವುದೇ ಇಲ್ಲ. ಕಾಣದೇ ಇದ್ದದ್ದನ್ನು ಬಾಯಲ್ಲಿ ಹೇಳುವುದು ಹೇಗೆ?

ರೆಕಾರ್ಡ್ ಮಾಡಬೇಕಾದರೆ ಕ್ಲೈಂಟ್ ಒಪ್ಪಿಗೆ ಬೇಕು, ಬರಹದಲ್ಲಿ. ನಾನು ಇನ್ನೂ ಕಲಿಯುತ್ತಿದ್ದೇನೆ, ನನಗೆ ಮಾರ್ಗದರ್ಶನ ಮಾಡುವವರು ಇವರು, ರೆಕಾರ್ಡಿಂಗ್ ಕೇಳುವವರು ಯಾರು, ಎಲ್ಲಿ ಇಡುತ್ತೇವೆ, ಯಾವಾಗ ಅಳಿಸುತ್ತೇವೆ, ಬೇಡ ಅಂದರೂ ಸೆಷನ್‌ಗೆ ಏನೂ ತೊಂದರೆ ಇಲ್ಲ. ಇಷ್ಟನ್ನೂ ನಿಧಾನವಾಗಿ ಹೇಳಬೇಕು. ಇಂಟರ್ನ್ ಅಂತ ಗೊತ್ತಾದರೆ ಕ್ಲೈಂಟ್ ಎದ್ದು ಹೋಗುತ್ತಾರೆ ಅನ್ನೋ ಹೆದರಿಕೆಗೆ ಕೆಲವು ಕಡೆ ಅದನ್ನು ಮುಚ್ಚಿಡುತ್ತಾರೆ. ಇದು ತಪ್ಪು, ಇದರಲ್ಲಿ ರಾಜಿ ಇಲ್ಲ. ತಮ್ಮ ಎದುರಿಗೆ ಕೂತಿರುವವರು ಯಾರು ಅಂತ ತಿಳಿಯುವ ಹಕ್ಕು ಅವರದ್ದು.

ಇನ್ನು ಒಳ್ಳೆಯ ಸೂಪರ್‌ವೈಸರ್ ಏನು ಮಾಡುತ್ತಾರೆ? 1979ರಲ್ಲಿ ಜನೀನ್ ಬರ್ನಾರ್ಡ್ ಇದನ್ನು ಸರಳವಾಗಿ ಮೂರು ಪಾತ್ರಗಳಾಗಿ ವಿವರಿಸಿದ್ದರು. ಒಮ್ಮೆ ಮೇಷ್ಟ್ರು, ಒಮ್ಮೆ ಕೌನ್ಸೆಲರ್, ಇನ್ನೊಮ್ಮೆ ಜೊತೆಗೆ ಕೂತು ಯೋಚಿಸುವ ಸಹೋದ್ಯೋಗಿ. ಪ್ಯಾನಿಕ್ ಅಟ್ಯಾಕ್ ಬಂದವರಿಗೆ ಏನು ಹೇಳಬೇಕು ಅಂತ ಗೊತ್ತಿಲ್ಲದಿದ್ದರೆ ಕಲಿಸಿಕೊಡಬೇಕು, ಅಷ್ಟೆ. ಆದರೆ ಗೊತ್ತಿದ್ದೂ ಒಬ್ಬ ಕ್ಲೈಂಟ್ ಎದುರು ಮಾತ್ರ ನಾಲಿಗೆ ಕಟ್ಟಿಹೋಗುತ್ತದೆ ಅಂದರೆ, ಅಲ್ಲಿ ಪಾಠ ಮಾಡಿ ಪ್ರಯೋಜನ ಇಲ್ಲ. ಆ ಕ್ಲೈಂಟ್ ನಿಮಗೆ ಯಾರನ್ನು ನೆನಪಿಸುತ್ತಾರೆ ಅಂತ ಕೇಳಬೇಕಾಗುತ್ತದೆ. ಕೇಳಿ ಅಲ್ಲಿಗೇ ನಿಲ್ಲಿಸಬೇಕು ಕೂಡ. ಸೂಪರ್‌ವಿಷನ್ ಇಂಟರ್ನ್‌ಗೆ ಥೆರಪಿ ಕೊಡುವ ಜಾಗ ಅಲ್ಲ. ನಿಮ್ಮ ಮನೆಯ ಕತೆ, ಬಾಲ್ಯದ ನೋವು ಎಲ್ಲ ಹೇಳಿ ಅಂತ ಒತ್ತಾಯಿಸುವ ಸೂಪರ್‌ವೈಸರ್ ಸಿಕ್ಕರೆ, ಅದು ಆಳವಾದ ಸೂಪರ್‌ವಿಷನ್ ಅಂತ ಮೋಸ ಹೋಗಬೇಡಿ. ಕೆಲಸಕ್ಕೆ ಸಂಬಂಧಪಟ್ಟಷ್ಟು ಮಾತ್ರ ಅಲ್ಲಿಗೆ ತಂದು, ಉಳಿದದ್ದಕ್ಕೆ ನಿಮ್ಮದೇ ಥೆರಪಿಸ್ಟ್ ಹತ್ತಿರ ಹೋಗಿ. ಭಾರವಾದ ಕತೆಗಳನ್ನು ವಾರಗಟ್ಟಲೆ ಕೇಳಿದಾಗ ನಿದ್ದೆ ಕೆಡುತ್ತದೆ, ಲೋಕದ ಮೇಲಿನ ನಂಬಿಕೆಯೇ ಸ್ವಲ್ಪ ಅಲ್ಲಾಡುತ್ತದೆ. ಮೆಕ್ಯಾನ್ ಮತ್ತು ಪರ್ಲ್‌ಮನ್ 1990ರಲ್ಲೇ ಇದನ್ನು ವಿವರಿಸಿದ್ದಾರೆ. ನಿಮ್ಮ ಮನಸ್ಸು ದುರ್ಬಲ ಅಂತ ಇದರ ಅರ್ಥ ಅಲ್ಲ.

ನನಗೆ ಈಗಲೂ ತುಂಬಾ ಕುತೂಹಲ ಹುಟ್ಟಿಸುವ ಸಂಗತಿ ಒಂದಿದೆ. ಕ್ಲೈಂಟ್ ಜೊತೆಗಿನ ಗಂಟು ಸೂಪರ್‌ವಿಷನ್ ಕೋಣೆಯಲ್ಲೂ ಹಾಗೇ ಬಂದು ಕೂರುತ್ತದೆ. ಹೆರಾಲ್ಡ್ ಸರ್ಲ್ಸ್ 1955ರಲ್ಲಿ ಇದರ ಬಗ್ಗೆ ಬರೆದರು. ಉದಾಹರಣೆಗೆ, ಒಬ್ಬ ಕ್ಲೈಂಟ್ ಪ್ರತಿ ವಾರ "ನಾನೇನು ಮಾಡ್ಲಿ, ನೀವೇ ಹೇಳಿ" ಅಂತ ಕೂರುತ್ತಾರೆ, ಏನು ಹೇಳಿದರೂ "ಅದು ಆಗಲ್ಲ" ಅನ್ನುತ್ತಾರೆ. ಇಂಟರ್ನ್ ಸೂಪರ್‌ವೈಸರ್ ಹತ್ತಿರ ಬಂದು "ಸರ್, ನಾನೇನು ಮಾಡ್ಲಿ, ನೀವೇ ಹೇಳಿ" ಅನ್ನುತ್ತಾರೆ. ಸೂಪರ್‌ವೈಸರ್ ನಾಲ್ಕು ಉಪಾಯ ಹೇಳಿದರೆ ನಾಲ್ಕಕ್ಕೂ "ಅದು ಅವರಿಗೆ ಆಗಲ್ಲ ಸರ್". ಸೂಪರ್‌ವೈಸರ್‌ಗೂ ಸಿಟ್ಟು ಬರಲು ಶುರುವಾಗುತ್ತದೆ. ಎಚ್ಚರ ಇರುವವರು ಅಲ್ಲೇ ಮಾತು ನಿಲ್ಲಿಸಿ, "ಈಗ ನಮ್ಮಿಬ್ಬರ ನಡುವೆ ಆಗ್ತಿರೋದನ್ನು ನೋಡಿ" ಅನ್ನುತ್ತಾರೆ. ಆ ಸಿಟ್ಟು, ಆ ಅಸಹಾಯಕತೆ ಎಲ್ಲಿಂದ ಬಂತು ಅಂತ ಇಂಟರ್ನ್‌ಗೆ ಆ ಕ್ಷಣದಲ್ಲಿ ತಿಳಿಯುತ್ತದೆ. ಮುಂದಿನ ವಾರ ಆ ಕ್ಲೈಂಟ್ ಎದುರು ಅವರು ಬೇರೆ ಥರ ಕೂರುತ್ತಾರೆ. ಇದನ್ನು ತರಗತಿಯಲ್ಲಿ ಎಷ್ಟು ವಿವರಿಸಿದರೂ ಹೀಗೆ ತಲುಪಿಸಲು ಆಗುವುದಿಲ್ಲ.

ಈಗ ಅಪಾಯದ ವಿಷಯ. ಮೊದಲ ಕ್ಲೈಂಟ್ ನೋಡುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲಿರಬೇಕು. ಯಾರಾದರೂ ಸಾಯಬೇಕು ಅನ್ನಿಸುತ್ತಿದೆ ಅಂದರೆ, ಆ ಹೊತ್ತಿಗೆ ಸೂಪರ್‌ವೈಸರ್ ಕಟ್ಟಡದಲ್ಲಿ ಇಲ್ಲದಿದ್ದರೆ, ಯಾರಿಗೆ ಫೋನ್ ಮಾಡಬೇಕು? ಅವರು ಎತ್ತದಿದ್ದರೆ ಆಮೇಲೆ ಯಾರಿಗೆ? ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಅನ್ನೋ ಪ್ರಶ್ನಾವಳಿಯಲ್ಲಿ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆ ಬರುತ್ತಿದೆಯಾ ಅನ್ನೋದರ ಬಗ್ಗೆಯೇ. ಎಷ್ಟೋ ಕಡೆ ಇಂಟರ್ನ್‌ಗಳು ಒಟ್ಟು ಅಂಕ ಕೂಡಿಸಿ ಫೈಲ್‌ಗೆ ಹಾಕುತ್ತಾರೆ, ಆ ಒಂದು ಸಾಲಿನ ಉತ್ತರವನ್ನು ಕೂತು ಮಾತಾಡುವುದಿಲ್ಲ. ಒಟ್ಟು ಅಂಕ ಕಡಿಮೆ ಇದ್ದರೂ ಆ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನೋ ಭಯ ಬೇಡ, ಹಾಗಾಗುವುದಿಲ್ಲ. ಕೇಳಿದ ಮೇಲೆ ಅಂದೇ ಸೂಪರ್‌ವೈಸರ್‌ಗೆ ತಿಳಿಸಬೇಕು, ಮುಂದಿನ ವಾರದ ಮೀಟಿಂಗ್‌ವರೆಗೆ ಕಾಯುವಂತಿಲ್ಲ. ಬೇರೆಯವರಿಗೆ ಹಾನಿ ಮಾಡುತ್ತೇನೆ ಅನ್ನುವ ಕ್ಲೈಂಟ್ ವಿಷಯದಲ್ಲೂ ಇದೇ. ಟ್ಯಾರಸಾಫ್ ಪ್ರಕರಣದಲ್ಲಿ 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ, ಗಂಭೀರ ಅಪಾಯದಲ್ಲಿರುವ ವ್ಯಕ್ತಿಯನ್ನು ಕಾಪಾಡುವ ಹೊಣೆ ಥೆರಪಿಸ್ಟ್‌ಗೂ ಇದೆ ಅಂತ. ನೀವಿರುವ ಕಡೆ ಕಾನೂನು ಬೇರೆ ಇರಬಹುದು, ಅದನ್ನು ಮೊದಲ ವಾರದಲ್ಲೇ ಕೇಳಿ ತಿಳಿದುಕೊಳ್ಳಿ. ಇಂಥ ತೀರ್ಮಾನವನ್ನು ಇಂಟರ್ನ್ ಒಬ್ಬರ ಹೆಗಲಿಗೆ ಬಿಡುವ ಸಂಸ್ಥೆ ಕ್ಲೈಂಟ್‌ಗೂ ಅನ್ಯಾಯ ಮಾಡುತ್ತಿದೆ, ನಿಮಗೂ.

ಅಂಥ ಸಂಸ್ಥೆಗಳು ಇವೆ. ಸಂಬಳ ಇಲ್ಲ, ಕ್ಲೈಂಟ್‌ಗಳನ್ನು ಒಂದಾದ ಮೇಲೆ ಒಂದರಂತೆ ಕಳಿಸುತ್ತಾರೆ, ಮಧ್ಯೆ ರಿಸೆಪ್ಷನ್‌ನಲ್ಲೂ ಕೂರಿಸುತ್ತಾರೆ, ಸೂಪರ್‌ವಿಷನ್ ಅಂದರೆ ಕಾರಿಡಾರಿನಲ್ಲಿ ಸಿಕ್ಕಾಗ "ಎಲ್ಲ ಸರಿ ಇದೆ ತಾನೆ?" ಅನ್ನುವುದು ಅಷ್ಟೆ. ಕೊನೆಯಲ್ಲಿ ಲಾಗ್ ಪುಸ್ತಕಕ್ಕೆ ಒಟ್ಟಿಗೆ ಸಹಿ ಬೀಳುತ್ತದೆ. ಕಾಲೇಜುಗಳೂ ಕಣ್ಣು ಮುಚ್ಚಿಕೊಳ್ಳುತ್ತವೆ, ಜಾಗ ಸಿಗುವುದೇ ಕಷ್ಟ ಅಂತ. ನನಗೆ ಇದು ಸಿಟ್ಟು ಬರಿಸುತ್ತದೆ. ಇದನ್ನು ಮೊದಲೇ ಕಂಡುಕೊಳ್ಳಲು ಸುಲಭ ದಾರಿ ಅಂದರೆ ಸಂದರ್ಶನಕ್ಕೆ ಹೋದಾಗ ನೀವೂ ಪ್ರಶ್ನೆ ಕೇಳುವುದು. ಸೂಪರ್‌ವಿಷನ್ ವಾರದ ಯಾವ ದಿನ, ಎಷ್ಟು ಹೊತ್ತಿಗೆ? ದಿನವೇ ಗೊತ್ತುಮಾಡಿಲ್ಲ ಅಂದರೆ ಅದು ನಡೆಯುವುದಿಲ್ಲ ಅಂತಲೇ ತಿಳಿಯಿರಿ. ಅವರು ರಜೆ ಹಾಕಿದರೆ ಬದಲಿ ಯಾರು? ಹಿಂದಿನ ವರ್ಷದ ಇಂಟರ್ನ್ ಒಬ್ಬರ ಜೊತೆ ಮಾತಾಡಬಹುದಾ? ಈ ಕೊನೆಯ ಪ್ರಶ್ನೆಗೆ ಅವರ ಮುಖ ಹೇಗಾಗುತ್ತದೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗ್ರೂಪ್ ಸೂಪರ್‌ವಿಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳ್ಳೆಯದೇ. ತನ್ನ ಹಾಗೇ ಇನ್ನೊಬ್ಬರೂ ಒದ್ದಾಡುತ್ತಿದ್ದಾರೆ ಅಂತ ಕಾಣುವುದು ದೊಡ್ಡ ಸಮಾಧಾನ. ಆದರೆ ಸೂಪರ್‌ವೈಸರ್ ಜೊತೆ ನೀವೊಬ್ಬರೇ ಕೂರುವ ಗಂಟೆಯನ್ನು ಪೂರ್ತಿ ತೆಗೆದು ಅದರ ಜಾಗಕ್ಕೆ ಇದನ್ನು ತಂದರೆ ಒಪ್ಪಬೇಡಿ.

ಕೊನೆಗೆ, ಯಾರೂ ಸರಿಯಾಗಿ ತಯಾರು ಮಾಡದ ಒಂದು ಭಾಗ ಇದೆ. ಇಂಟರ್ನ್‌ಶಿಪ್ ಮುಗಿಯುವ ದಿನ ಕ್ಯಾಲೆಂಡರ್‌ನಲ್ಲಿ ಮೊದಲೇ ಬರೆದಿರುತ್ತದೆ, ಕ್ಲೈಂಟ್‌ನ ಕಷ್ಟ ಆ ದಿನಕ್ಕೆ ಮುಗಿಯುವುದಿಲ್ಲ. ಅವರು ಬಿಡಿಸಿಕೊಳ್ಳಲು ಬಂದಿದ್ದೇ ಯಾರೋ ಬಿಟ್ಟುಹೋದ ನೋವನ್ನು ಆಗಿರಬಹುದು, ಈಗ ನೀವೂ ಹೊರಡುತ್ತಿದ್ದೀರಿ. ಆದ್ದರಿಂದ ನಾನು ಇಂಥ ತಿಂಗಳವರೆಗೆ ಮಾತ್ರ ಇಲ್ಲಿರುತ್ತೇನೆ ಅಂತ ಮೊದಲ ಸೆಷನ್‌ನಲ್ಲೇ ಹೇಳಿ. ಮಧ್ಯದಲ್ಲೂ ನೆನಪಿಸಿ. ಮುಗಿಯಲು ಕೆಲವು ವಾರ ಇರುವಾಗಲೇ ಯಾರು ಮುಂದುವರಿಸಬೇಕು, ಯಾರು ಇಲ್ಲಿಗೆ ಸಾಕು, ಯಾರನ್ನು ಬೇರೆ ಕಡೆ ಕಳಿಸಬೇಕು ಅಂತ ಸೂಪರ್‌ವೈಸರ್ ಜೊತೆ ಒಬ್ಬೊಬ್ಬರ ಹೆಸರು ಹಿಡಿದು ಕೂತು ಮಾತಾಡಿ. ಮುಂದುವರಿಸುವವರಿಗೆ ಸಾಧ್ಯವಾದರೆ ಒಂದು ಸೆಷನ್ ಹೊಸ ಕೌನ್ಸೆಲರ್ ಜೊತೆ ಮೂವರೂ ಒಟ್ಟಿಗೆ ಕೂರಿ. ಹೊಸಬರಿಗೆ ಏನು ಹೇಳಬೇಕು, ಏನು ಹೇಳಬಾರದು ಅಂತ ಕ್ಲೈಂಟ್‌ನನ್ನೇ ಕೇಳಿ, ಅದರಂತೆ ಹ್ಯಾಂಡೋವರ್ ನೋಟ್ ಬರೆಯಿರಿ, ಬರೆದದ್ದನ್ನು ಅವರಿಗೇ ಓದಿ ತೋರಿಸಿ.