ಭಾನುವಾರಕ್ಕೂ ಉಬ್ಬರಕ್ಕೂ ತಾಳೆ ಆಗಬೇಕು

ಹಕ್ಕಿ ನೋಡಲು ನಾನೂ ಬರ್ತೇನೆ ಅನ್ನುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡೋದು?" ಘಟ್ಟದ ಕಾಡಿಗಾದರೆ ಈ ಪ್ರಶ್ನೆ ಸರಿ. ಬೆಳಕು ಹರಿಯುವ ಮೊದಲೇ ಅಲ್ಲಿರಬೇಕು. ಕಡಲ ಬದಿಗೆ ಗಡಿಯಾರ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ನೋಡಬೇಕಾದ್ದು ತಿಥಿ, ಉಬ್ಬರ ಇಳಿತ ನಡೆಯುವುದು ಚಂದ್ರನ ಲೆಕ್ಕದಲ್ಲಿ.

ಕುಂದಾಪುರದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ರಜೆ ಅಂದರೆ ಭಾನುವಾರ ಮಾತ್ರ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ವಾರಕ್ಕೆ ಹೆಚ್ಚುಕಮ್ಮಿ 6 ಗಂಟೆ ಆಯಿತಲ್ವಾ? ಅಂದರೆ ಈ ಭಾನುವಾರ ಹತ್ತು ಗಂಟೆಗೆ ನೀರು ತುಂಬಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಪೂರ್ತಿ ಇಳಿದಿರುತ್ತದೆ. ಅದರಾಚೆಯ ಭಾನುವಾರಕ್ಕೆ ಮತ್ತೆ ಸರಿ. ಹೀಗೆ ವಾರ ಬಿಟ್ಟು ವಾರ ನನಗೆ ಕಡಲು. ನಡುವಿನ ಭಾನುವಾರಗಳು ಮನೆಕೆಲಸಕ್ಕೆ, ಮದುವೆ ಊಟಕ್ಕೆ.

ಇಳಿತ ಇದ್ದಾಗ ಯಾಕೆ ಹೋಗಬಾರದು ಅಂತ ತಮ್ಮ ಕೇಳುತ್ತಲೇ ಇರುತ್ತಾನೆ. ಹೋಗಬಹುದು. ಆದರೆ ಆಗ ಕೆಸರು, ಮರಳು ಎಲ್ಲ ಬಯಲಾಗಿ ಹಕ್ಕಿಗಳು ಅಷ್ಟಗಲಕ್ಕೂ ಚದುರಿ ತಿನ್ನುತ್ತಿರುತ್ತವೆ. ಬೈನಾಕ್ಯುಲರ್ ಹಿಡಿದರೂ ಬರೀ ಚುಕ್ಕಿಗಳು. ನೀರು ಏರತೊಡಗಿದ ಮೇಲೆ ತಿನ್ನುವ ಜಾಗ ಮುಳುಗುತ್ತದೆ, ಒಂದೊಂದೇ ಗುಂಪು ಎದ್ದು ದಡದ ಕಡೆ ಬರುತ್ತದೆ. ಕೊನೆಗೆ ಮುಳುಗದೆ ಉಳಿದ ಮರಳ ದಿಬ್ಬದ ಮೇಲೆ ಎಲ್ಲ ಒಟ್ಟಾಗುತ್ತವೆ. ನೀರು ತುಂಬುವ ಎರಡು ಗಂಟೆ ಮೊದಲೇ ಹೋಗಿ ಸುಮ್ನೆ ಕುಳಿತರೆ ಸಾಕು, ಅವೇ ನಮ್ಮ ಹತ್ತಿರ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಇದು ಇನ್ನೂ ಚೆನ್ನ. ಅಷ್ಟಮಿ, ನವಮಿಗೆ ನೀರಿನ ಏರಿಳಿತವೇ ಕಮ್ಮಿ, ತಿನ್ನುವ ಜಾಗ ಪೂರ್ತಿ ಮುಳುಗುವುದಿಲ್ಲ, ಹಕ್ಕಿಗಳಿಗೆ ಅವಸರವೂ ಇಲ್ಲ.

ನನ್ನ ಕಾಯಂ ಜಾಗ ಕೋಡಿಬೆಂಗ್ರೆ. ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುವ ಅಳಿವೆ ಅದು. ಹಂಗಾರಕಟ್ಟೆಯಲ್ಲಿ ಸ್ಕೂಟರ್ ಸಮೇತ ಬಾರ್ಜ್ ಹತ್ತಿದರೆ ಆಚೆ ದಡ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಒಂದು ರಸ್ತೆ, ತೆಂಗಿನ ಮರಗಳು, ಒಣಗಲು ಹರಡಿದ ಬಲೆಗಳು. ಮೊದಮೊದಲು ಅಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬರು ಹಿರಿಯರು ನನ್ನನ್ನು ಕರೆದು ಕೇಳಿದ್ದರು: "ಹ್ವಾಯ್ ಅಕ್ಕಾ, ಎಂತ ಕಾಂತ್ರಿ ಅಲ್ಲಿ?" ಹಕ್ಕಿ ಅಂದೆ. ವಾಚು ನೋಡಿ ಬೇಜಾರು ಮಾಡಿಕೊಂಡಿದ್ದೆ ಅಂತ ಅವರಿಗೆ ಗೊತ್ತಾಯಿತೇನೋ. "ಗಂಟಿ ಕಂಡ್ರ್ ಆತಿಲ್ಲ, ನೀರ್ ಕಾಣ್ಕ್" ಅಂದರು, ಗಂಟೆ ನೋಡಿದರೆ ಆಗದು, ನೀರು ನೋಡಬೇಕು ಅಂತ. ಅಳಿವೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಅವರಿಂದ ಕಲಿತದ್ದು.

ಕಾಡಿನಲ್ಲಿ ಚಳಿಗಾಲದ ಹಕ್ಕಿಗೆ ನವೆಂಬರ್ ತನಕ ಕಾಯುತ್ತಾರೆ. ಕಡಲಲ್ಲಿ ಹಾಗಲ್ಲ. ಮಳೆ ಇನ್ನೂ ಸುರಿಯುತ್ತಿರುವಾಗಲೇ, ಆಗಸ್ಟ್ ಕೊನೆಗೆ, ದಡದಲ್ಲಿ ಓಡಾಡುವ ಪುಟ್ಟ ವಲಸೆ ಹಕ್ಕಿಗಳಾದ ಮೊದಲ ಸ್ಯಾಂಡ್ ಪ್ಲವರ್‌ಗಳು ಬಂದಿಳಿಯುತ್ತವೆ. ಆಗ ಅವುಗಳ ಎದೆಯ ಮೇಲೆ ಮರಿ ಮಾಡುವ ಕಾಲದ ಕೆಂಗಂದು ಬಣ್ಣ ಇನ್ನೂ ಮಾಸಿರುವುದಿಲ್ಲ. ದೀಪಾವಳಿ ಹೊತ್ತಿಗೆ ಎಲ್ಲ ಒಂದೇ ಥರ, ಮೇಲೆ ಮರಳಿನ ಬಣ್ಣ, ಕೆಳಗೆ ಬಿಳಿ. ಹಕ್ಕಿ ಗುರುತಿಸಲು ಕಲಿಯಬೇಕು ಅನ್ನುವವರಿಗೆ ನಾನು ಸೆಪ್ಟೆಂಬರಲ್ಲೇ ಬನ್ನಿ ಅನ್ನುವುದು ಅದಕ್ಕೆ. ಇನ್ನೊಂದು ವಿಷಯ: ಈ ಜಾತಿಯ ಹಲವು ಹಕ್ಕಿಗಳಲ್ಲಿ ಅಪ್ಪ ಅಮ್ಮ ಮೊದಲು ಹೊರಟುಬಿಡುತ್ತವೆ. ಮರಿಗಳು ಆಮೇಲೆ, ದಾರಿ ತೋರಿಸುವವರಿಲ್ಲದೆ, ತಾವೇ ಬರುತ್ತವೆ. ಮೂರು ತಿಂಗಳೂ ತುಂಬದ ಮರಿ ಹಿಮಾಲಯದಾಚೆಯಿಂದ ಕೋಡಿಬೆಂಗ್ರೆ ಹುಡುಕಿಕೊಂಡು ಬರುವುದೆಂದರೆ! ನನ್ನ ಮಗ ಉಡುಪಿಗೆ ಒಬ್ಬನೇ ಬಸ್ಸಲ್ಲಿ ಹೋಗುತ್ತೇನೆಂದರೆ ನಾನು ಎರಡು ಸಲ ಫೋನ್ ಮಾಡುತ್ತೇನೆ.

ಪ್ಲವರ್ ತಿನ್ನುವುದನ್ನು ಹತ್ತಿರದಿಂದ ನೋಡಬೇಕು. ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಕತ್ತು ನೆಟ್ಟಗೆ ಮಾಡಿ ನೋಡುತ್ತದೆ, ಕುಕ್ಕುತ್ತದೆ. ಮತ್ತೆ ಓಟ. ಕೊಕ್ಕು ಗಿಡ್ಡ, ಕಣ್ಣು ದೊಡ್ಡದು, ಬೇಟೆಯೆಲ್ಲ ಕಣ್ಣಿನಿಂದಲೇ. ಅದರ ಪಕ್ಕದಲ್ಲೇ ಕರ್ಲ್ಯೂ ತನ್ನ ಉದ್ದ ಬಾಗಿದ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಇಳಿಸಿ, ತುದಿಯ ಸ್ಪರ್ಶದಿಂದ ಹುಳ ಹುಡುಕುತ್ತಿರುತ್ತದೆ. ಟೆರೆಕ್ ಸ್ಯಾಂಡ್‌ಪೈಪರ್‌ದು ಬೇರೆಯೇ ಗತಿ. ಕೊಕ್ಕು ಮೇಲಕ್ಕೆ ಬಾಗಿದೆ, ಮೈ ಬಗ್ಗಿಸಿ ಏಡಿಯ ಹಿಂದೆ ಅಡ್ಡಾದಿಡ್ಡಿ ಓಡುತ್ತದೆ. ಹಿಡಿದ ಏಡಿಯನ್ನು ಕೆಲವೊಮ್ಮೆ ನೀರಿಗೆ ಒಯ್ದು ತೊಳೆದು ನುಂಗುತ್ತದೆ. ಒಂದೇ ದಿಬ್ಬದಲ್ಲಿ ಇಷ್ಟೂ ಜನ ಜಗಳವಿಲ್ಲದೆ ಊಟ ಮಾಡುವುದು ಹೀಗೆ, ಒಬ್ಬರ ತಟ್ಟೆಗೆ ಇನ್ನೊಬ್ಬರ ಕೊಕ್ಕು ಎಟಕುವುದಿಲ್ಲ.

ಲೆಸರ್ ಸ್ಯಾಂಡ್ ಪ್ಲವರ್ ಎಂಬ ಹೆಸರು ಈಗ ಪಟ್ಟಿಯಲ್ಲಿಲ್ಲ. 2023ರಲ್ಲಿ ಹಕ್ಕಿ ನೋಡುವವರ ಜಾಲತಾಣ ಇಬರ್ಡ್ ಅದನ್ನು ಸೈಬೀರಿಯನ್, ಟಿಬೆಟನ್ ಎಂದು ಎರಡು ಮಾಡಿತು. ನಮ್ಮ ಕಡೆ ಬರುವುದು ಟಿಬೆಟನ್. ಗ್ರೇಟರ್ ಸ್ಯಾಂಡ್ ಪ್ಲವರ್ ಎಂಬ ಇನ್ನೊಂದು ಜಾತಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಮೊದಲೇ ಕಷ್ಟ. ಗ್ರೇಟರ್‌ನ ಕೊಕ್ಕು ಉದ್ದ, ಕಾಲೂ ಉದ್ದ ಅಂತ ಪುಸ್ತಕ ಹೇಳುತ್ತದೆ. ಆದರೆ ಸೈಬೀರಿಯನ್‌ಗೆ ಹೋಲಿಸಿದರೆ ಟಿಬೆಟನ್‌ನ ಕೊಕ್ಕೂ ಉದ್ದವೇ. ನಾನೂ ತಮ್ಮನೂ ಜಾಸ್ತಿ ಜಗಳ ಆಡಿದ್ದು ಇದರ ಮೇಲೆಯೇ.

ಡಿಸೆಂಬರ್, ಜನವರಿಯಲ್ಲಿ ಕಡಲ ಹಕ್ಕಿಗಳಾದ ಗಲ್‌ಗಳನ್ನು ನೋಡಬೇಕಾದರೆ ಮಲ್ಪೆ ಬಂದರಿಗೇ ಹೋಗಬೇಕು. ಮೂಗು ಗಟ್ಟಿ ಇರಬೇಕು, ಅಷ್ಟೇ. ಬೋಟಿನಿಂದ ಮೀನು ಇಳಿಸುವಾಗ ಬ್ರೌನ್ ಹೆಡೆಡ್, ಬ್ಲ್ಯಾಕ್ ಹೆಡೆಡ್ ಎಲ್ಲ ಮುತ್ತಿಕೊಳ್ಳುತ್ತವೆ. ತಮಾಷೆ ಏನೆಂದರೆ ಚಳಿಗಾಲದಲ್ಲಿ ಇವೆರಡರ ತಲೆಯೂ ಬಿಳಿ, ಕಿವಿಯ ಹತ್ತಿರ ಒಂದು ಕಪ್ಪು ಮಚ್ಚೆ ಬಿಟ್ಟರೆ. ತಲೆ ನೋಡಬೇಡಿ, ರೆಕ್ಕೆ ನೋಡಿ. ತುದಿಯ ಅಗಲ ಕಪ್ಪಿನೊಳಗೆ ಬಿಳಿ ಚುಕ್ಕೆ ಇದ್ದರೆ ಬ್ರೌನ್ ಹೆಡೆಡ್. ಬೇಸಿಗೆಯಲ್ಲಿ ಅದು ಲಡಾಖ್, ಟಿಬೆಟ್‌ನ ಸರೋವರಗಳಲ್ಲಿ ಮರಿ ಮಾಡುತ್ತದೆ. ಟರ್ನ್ ಎಂಬ ಕಡಲ ಹಕ್ಕಿಗಳಿಗೆ ಕೊಕ್ಕಿನ ಬಣ್ಣ ಸಾಕು: ಹಳದಿಯಾದರೆ ಗ್ರೇಟರ್ ಕ್ರೆಸ್ಟೆಡ್, ಕಿತ್ತಳೆಯಾದರೆ ಲೆಸರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿಗೆ ಹಳದಿ ತುದಿ ಇದ್ದರೆ ಸ್ಯಾಂಡ್‌ವಿಚ್.

ಒಂದು ಸಿಟ್ಟನ್ನು ಬರೆಯದೆ ಇರಲಾರೆ. ಉಬ್ಬರದಲ್ಲಿ ದಿಬ್ಬದ ಮೇಲೆ ಒಂಟಿ ಕಾಲಲ್ಲಿ ನಿಂತ ಹಕ್ಕಿ ಸುಮ್ಮನೆ ನಿಂತಿಲ್ಲ, ಮುಂದಿನ ಇಳಿತದ ತನಕ ಶಕ್ತಿ ಉಳಿಸಿಕೊಳ್ಳುತ್ತಿದೆ. ಕಳೆದ ಡಿಸೆಂಬರಿನಲ್ಲಿ ಯಾರೋ ಬೀಚಿನ ಮೇಲೆ ಜೀಪು ಓಡಿಸುತ್ತಾ ಇಡೀ ಗುಂಪನ್ನು ಮತ್ತೆ ಮತ್ತೆ ಎಬ್ಬಿಸಿದರು, ಹಾರುವ ವಿಡಿಯೋ ಬೇಕಂತೆ. ಕ್ಯಾಮೆರಾದವರೂ ಕಮ್ಮಿಯಿಲ್ಲ, ಇನ್ನು ಎರಡು ಹೆಜ್ಜೆ, ಇನ್ನು ಎರಡು ಹೆಜ್ಜೆ ಅಂತ ಹೋಗಿ ಎಬ್ಬಿಸುತ್ತಾರೆ. ತಮ್ಮನಿಗೆ ನನ್ನ ಕರಾರು ಒಂದೇ: ಕುಳಿತ ಜಾಗದಿಂದ ಏಳಬಾರದು, ನೀರೇ ಹಕ್ಕಿಯನ್ನು ತರಲಿ.

ಮಾರ್ಚ್ ಬಂತೆಂದರೆ ನನ್ನ ಸೀಸನ್ ಮುಗಿಯಿತು. ಪರೀಕ್ಷೆ, ನೋಟ್ಸ್, ಹಾಲ್ ಟಿಕೆಟ್ ಅಂತ ಭಾನುವಾರವೂ ಅಂಗಡಿ ಬಾಗಿಲು ಹಾಕುವ ಹಾಗಿಲ್ಲ. ಹೊರಡುವ ಮುಂಚೆ ಪ್ಲವರ್‌ಗಳ ಎದೆ ಮತ್ತೆ ಕೆಂಪಾಗುವುದು ಆ ದಿನಗಳಲ್ಲೇ. ತಮ್ಮನಿಗೆ ಹೇಳಿದ್ದೇನೆ, ಈ ಸಲ ಫೋಟೋ ತೆಗೆದರೆ ಕೊಕ್ಕೂ ಕಾಲೂ ಎರಡೂ ಕಾಣುವ ಹಾಗೆ ತೆಗಿ ಅಂತ. ಗ್ರೇಟರ್ ಯಾವುದು ಅಂತ ಜೆರಾಕ್ಸ್ ಮೆಷಿನ್ ಪಕ್ಕದಲ್ಲೇ ಕೂತು ತೀರ್ಮಾನ ಮಾಡೋಣ.