‘ಅಲ್ಲಿ ಹೋಗಿ ಏನು ಮಾಡ್ತೀರಿ?’ ಎಂದು ಕೇಳುವವರಿಗೆ

“ಪರೀಕ್ಷೆ ಇಲ್ಲ, ಪದವಿ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಮತ್ತೆ ತಿಂಗಳು ತಿಂಗಳು ಅಲ್ಲಿ ಹೋಗಿ ಏನು ಮಾಡ್ತೀರಿ?” ನಾನು ಹೋಗುವ ನಿವೃತ್ತರ ಕಲಿಕೆಯ ಕೂಟದ ಬಗ್ಗೆ ಯುಗಾದಿ ಹಬ್ಬಕ್ಕೆ ಸಿಗುವ ಕನ್ನಡ ಬಳಗದ ಗೆಳತಿಯರು ಹೀಗೆ ಕೇಳುತ್ತಾರೆ. ಮೈಸೂರಿನಿಂದ ಫೋನ್ ಮಾಡುವ ನಾದಿನಿ ಇನ್ನೂ ನೇರ: “ಅತ್ತಿಗೆ, ಕೊನೆಗೆ ಒಂದು ಸರ್ಟಿಫಿಕೇಟಾದ್ರೂ ಕೊಡ್ತಾರಾ?” ಕೊಡುವುದಿಲ್ಲ. ಫೋನಿನಲ್ಲಿ ನನ್ನ ಉತ್ತರ ಅಷ್ಟಕ್ಕೇ ನಿಲ್ಲುತ್ತದೆ, ಆಮೇಲೆ ಅವಳ ಸೊಸೆಯ ವಿಷಯ ಬರುತ್ತದೆ. ಹಾಗಾಗಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ. ಔಷಧಿ ಅಂಗಡಿಯ ಕೆಲಸದಿಂದ ನಿವೃತ್ತಳಾದ ಮೇಲೆ ಇಲ್ಲಿನ ಯು-ತ್ರೀ-ಎ, ಅಂದರೆ ‘ಯೂನಿವರ್ಸಿಟಿ ಆಫ್ ದ ಥರ್ಡ್ ಏಜ್’ ಎಂಬ ಕೂಟವನ್ನು ಸೇರಿದೆ. ಈಗ ವರ್ಷದ ಉಪನ್ಯಾಸಗಳಿಗೆ ಜನರನ್ನು ಗೊತ್ತುಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಮೂರನೆಯ ವಯಸ್ಸಿನವರ ವಿಶ್ವವಿದ್ಯಾಲಯ ಎಂಬ ಆ ದೊಡ್ಡ ಹೆಸರು ಫ್ರಾನ್ಸಿನಿಂದ ಬಂದದ್ದು. 1973ರಲ್ಲಿ ಟೂಲೂಸ್ ನಗರದಲ್ಲಿ ಪಿಯರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು ತಮ್ಮ ವಿಶ್ವವಿದ್ಯಾಲಯದ ಬಾಗಿಲನ್ನು ನಿವೃತ್ತರಿಗೆ ತೆರೆದರು. ಅಲ್ಲಿ ಪಾಠ ಹೇಳುವವರು ಪ್ರಾಧ್ಯಾಪಕರೇ. 1980ರ ದಶಕದ ಆರಂಭದಲ್ಲಿ ಅದು ಬ್ರಿಟನ್ನಿಗೆ ಬಂದಾಗ ಕೇಂಬ್ರಿಜ್‌ನ ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್, ಓಪನ್ ಯೂನಿವರ್ಸಿಟಿಯ ಕಲ್ಪನೆಗೆ ಕಾರಣರಾದವರಲ್ಲಿ ಒಬ್ಬರಾದ ಮೈಕಲ್ ಯಂಗ್, ಶಿಕ್ಷಣದ ಕ್ಷೇತ್ರದ ಎರಿಕ್ ಮಿಡ್‌ವಿಂಟರ್ ಮೂವರೂ ಸೇರಿ ಅದರ ಬುಡವನ್ನೇ ಬದಲಾಯಿಸಿದರು. ವಿಶ್ವವಿದ್ಯಾಲಯದ ಹಂಗೇ ಬೇಡ, ನಲವತ್ತು ವರ್ಷ ದುಡಿದವರ ತಲೆಯಲ್ಲಿ ಬೇಕಾದಷ್ಟಿದೆ, ಅವರೇ ಒಬ್ಬರಿಗೊಬ್ಬರು ಹೇಳಿಕೊಡಲಿ ಎಂದರು. ಕಲಿಸುವವನಿಗೆ ಸಂಬಳವಿಲ್ಲ, ಕಲಿಯುವವನಿಗೆ ಅಂಕವಿಲ್ಲ. ಈಗ ಬ್ರಿಟನ್ನಿನಲ್ಲಿ ಇಂಥ 1000ಕ್ಕೂ ಹೆಚ್ಚು ಗುಂಪುಗಳಿವೆ, ಸುಮಾರು 4 ಲಕ್ಷ ಸದಸ್ಯರಿದ್ದಾರೆ.

ಲ್ಯಾಸ್ಲೆಟ್ ಮನುಷ್ಯನ ಬದುಕನ್ನು ನಾಲ್ಕಾಗಿ ನೋಡಿದರು: ಇನ್ನೊಬ್ಬರನ್ನು ನೆಚ್ಚಿದ ಬಾಲ್ಯ, ದುಡಿಮೆಯ ಕಾಲ, ತನ್ನ ಇಷ್ಟದಂತೆ ಇರಬಹುದಾದ ಮೂರನೆಯದು, ಮತ್ತೆ ಇನ್ನೊಬ್ಬರನ್ನು ನೆಚ್ಚಬೇಕಾದ ಕೊನೆಯದು. ಇದನ್ನು ಹೇಳಿದ ಕೂಡಲೇ ನಮ್ಮವರು “ಓ, ವಾನಪ್ರಸ್ಥ!” ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ವಾನಪ್ರಸ್ಥಕ್ಕೆ ಹೊರಟವರು ಊರು ಬಿಡುತ್ತಾರೆ. ಇಲ್ಲಿ ಎಷ್ಟೋ ಜನ ತಾವಿರುವ ಊರಿಗೆ ಮೊದಲ ಸಲ ಕಾಲಿಡುವುದೇ ಅರವತ್ತರ ಮೇಲೆ. ಅಲ್ಲಿಯವರೆಗೆ ಬೆಳಗಿನ ರೈಲು, ರಾತ್ರಿಯ ರೈಲು, ನಡುವೆ ಲಂಡನ್. ಪಕ್ಕದ ಬೀದಿಯಲ್ಲಿ ಯಾರಿದ್ದಾರೆಂದು ಗೊತ್ತಿರುವುದಿಲ್ಲ.

ಇನ್ನು ವರ್ಷದ ಕಾರ್ಯಕ್ರಮ. ಅದು ಸೆಪ್ಟೆಂಬರಿನಲ್ಲಿ ಶುರುವಾಗಿ ಜುಲೈವರೆಗೆ ನಡೆಯುತ್ತದೆ. ಆಗಸ್ಟಿನಲ್ಲಿ ಎಲ್ಲರೂ ಮೊಮ್ಮಕ್ಕಳ ಕಾವಲಿಗಿರುತ್ತಾರೆ, ಸಭೆಯಿಲ್ಲ. ತಿಂಗಳಿಗೊಂದು ದೊಡ್ಡ ಸಭೆ, ಚರ್ಚಿನ ಪಕ್ಕದ ಹಾಲ್‌ನಲ್ಲಿ. ವೇಳೆ ಗೊತ್ತುಮಾಡುವುದರಲ್ಲೇ ಒಂದು ಶಾಸ್ತ್ರವಿದೆ. ವಾರದ ದಿನಗಳಲ್ಲಿ ಹಿರಿಯರ ಉಚಿತ ಬಸ್ ಪಾಸ್ ನಡೆಯುವುದು ಬೆಳಗ್ಗೆ 9.30ರ ನಂತರ, ಆದ್ದರಿಂದ ಹತ್ತೂವರೆಗೆ ಮೊದಲು ಏನನ್ನೂ ಇಡುವಂತಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಕತ್ತಲು, ಕತ್ತಲಲ್ಲಿ ಕಾರು ಓಡಿಸಲು ಅನೇಕರಿಗೆ ಧೈರ್ಯವಿಲ್ಲ, ಆದ್ದರಿಂದ ಮಧ್ಯಾಹ್ನವೂ ಬೇಡ. ಸಂಜೆಯ ಉಪನ್ಯಾಸ ಅಂದರೆ ಖಾಲಿ ಕುರ್ಚಿಗಳಿಗೆ ಉಪನ್ಯಾಸ.

ಸೆಪ್ಟೆಂಬರಿನ ಭಾಷಣಕಾರ ಗಟ್ಟಿಗನಿರಬೇಕು. ಹೊಸಬರು ಬಂದು ನೋಡುವುದು ಆಗಲೇ. ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತಲಿಪಿ ಬಿಡಿಸುತ್ತಿದ್ದ ಬ್ಲೆಚ್ಲಿ ಪಾರ್ಕಿನ ಮೇಲೆ ಮಾತಾಡುವವರು ಸಿಕ್ಕರೆ ಹಾಲ್ ತುಂಬುತ್ತದೆ. ನಿವೃತ್ತ ಪೊಲೀಸ್ ಪತ್ತೇದಾರರಿಗೂ ಹಾಗೆಯೇ. ಜೇನು ಸಾಕುವವರು, ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕವರನ್ನು ಕಾಪಾಡಲು 1824ರಲ್ಲಿ ಶುರುವಾದ ಲೈಫ್‌ಬೋಟ್ ಸಂಸ್ಥೆಯ ಸ್ವಯಂಸೇವಕರು, ಹಳೇ ರೈಲುದಾರಿಯ ಹುಚ್ಚಿರುವವರು ಎಂದೂ ಕೈಬಿಡುವುದಿಲ್ಲ. ಡಿಸೆಂಬರಿನಲ್ಲಿ ಉಪನ್ಯಾಸವಿಲ್ಲ. ಪುಟ್ಟ ಗಿಟಾರಿನಂಥ ಯುಕುಲೇಲಿಯನ್ನು ನಮ್ಮದೇ ಗುಂಪು ಬಾರಿಸುತ್ತದೆ, ಕ್ರಿಸ್ಮಸ್ಸಿನ ಸಿಹಿತಿಂಡಿ ಮಿನ್ಸ್ ಪೈ ತಿನ್ನುತ್ತೇವೆ. ಫೆಬ್ರವರಿ ಕಷ್ಟದ ತಿಂಗಳು: ಮಳೆ, ಜ್ವರ, ಕೆಮ್ಮು. ಆ ತಿಂಗಳಿಗೆ ನಾನು ನಗಿಸುವವರನ್ನೇ ಹುಡುಕುತ್ತೇನೆ. ಹವಾಮಾನ ಬದಲಾವಣೆಯ ಬಗ್ಗೆ ಮಾತಾಡುವ ಗಂಭೀರ ವಿಜ್ಞಾನಿಯನ್ನು ಏಪ್ರಿಲ್‌ಗೆ ತಳ್ಳುತ್ತೇನೆ, ಆಗ ಜನ ಅದನ್ನು ತಡೆದುಕೊಳ್ಳುತ್ತಾರೆ.

ಹೊರಗಿನವರಿಗೆ ಸಣ್ಣ ಗೌರವಧನ ಲಕೋಟೆಯಲ್ಲಿಟ್ಟು ಕೊಡುತ್ತೇವೆ. ಶಾಲಿಲ್ಲ, ಹಾರವಿಲ್ಲ, ಹಣ್ಣಿನ ಬುಟ್ಟಿಯಿಲ್ಲ. ಪರಿಚಯಕ್ಕೆ ಒಂದೇ ನಿಮಿಷ. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ಎಂದು ಬೆಳೆದ ನನಗೆ ಮೊದಲು ಇದು ಬಡತನದ ಸಭೆಯಂತೆ ಕಂಡಿತ್ತು, ಈಗ ಊರಿಗೆ ಬಂದು ಯಾವುದಾದರೂ ಸಭೆಗೆ ಹೋದರೆ ಕೈಗಡಿಯಾರ ನೋಡಿಕೊಳ್ಳುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ನಿಷ್ಠುರಿ. “ನನಗೆ ಮೈಕ್ ಬೇಡ, ನನ್ನ ಧ್ವನಿ ಜೋರು” ಎನ್ನುವ ಭಾಷಣಕಾರನನ್ನು ನಾನು ಬಿಡುವುದಿಲ್ಲ. ಕೇಳುವವರಲ್ಲಿ ಎಷ್ಟೋ ಜನರ ಕಿವಿಯಲ್ಲಿ ಶ್ರವಣ ಸಾಧನವಿರುತ್ತದೆ. ಹಾಲ್‌ನ ಸುತ್ತ ಹಾಯಿಸಿರುವ ತಂತಿಯ ಲೂಪ್ ಮೈಕಿನ ಧ್ವನಿಯನ್ನು ನೇರ ಆ ಸಾಧನಕ್ಕೆ ಮುಟ್ಟಿಸುತ್ತದೆ. ಮೈಕ್ ಹಿಡಿಯದಿದ್ದರೆ ಲೂಪ್‌ನಲ್ಲಿ ಏನೂ ಇಲ್ಲ. ಅವರು ಮುಖದ ಮೇಲೆ ಒಂದು ನಗು ಇಟ್ಟುಕೊಂಡು ಒಂದು ಗಂಟೆ ಕೂತಿರುತ್ತಾರೆ, ಮುಂದಿನ ತಿಂಗಳು ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಹೇಳುವುದೂ ಇಲ್ಲ.

ಈಗ ನಿಜವಾದ ಉತ್ತರಕ್ಕೆ ಬರುತ್ತೇನೆ. ನಾವು ಅಲ್ಲಿಗೆ ಹೋಗುವುದು ಉಪನ್ಯಾಸಕ್ಕೋ, ಚಹಾಕ್ಕೋ? ಇಲ್ಲಿನವರನ್ನು ಕೇಳಿದರೆ ಅರ್ಧ ಜನ ಉಪನ್ಯಾಸ ಅನ್ನುತ್ತಾರೆ, ಇನ್ನರ್ಧ ಕಣ್ಣು ಮಿಟುಕಿಸಿ ಬಿಸ್ಕತ್ತು ಅನ್ನುತ್ತಾರೆ. ಒಂದಿಲ್ಲದೆ ಇನ್ನೊಂದು ನಿಲ್ಲುವುದಿಲ್ಲ ಎಂಬುದು ನಾನು ಕಂಡದ್ದು. ನಿವೃತ್ತರಾದ ಎರಡು ಮೂರು ವರ್ಷದಲ್ಲಿ ಮಾತಿನ ಸರಕು ತೀರುತ್ತದೆ. ಮಂಡಿನೋವು, ಬಿಪಿ ಮಾತ್ರೆ, ಮೊಮ್ಮಕ್ಕಳ ಫೋಟೋ, ಮಳೆ. ಮತ್ತೆ ಮಂಡಿನೋವು. ಗುರುತಿಲ್ಲದವರ ಹತ್ತಿರ ಹೋಗಿ “ಹೇಗಿದ್ದೀರಿ” ಅಂದರೆ ಅದು ಎರಡನೇ ವಾಕ್ಯಕ್ಕೇ ಸಾಯುತ್ತದೆ. ಬರೀ ಪರಿಚಯಕ್ಕಾಗಿ ಕರೆದ ಚಹಾಕೂಟಗಳಲ್ಲಿ ಎಲ್ಲರೂ ತಮ್ಮ ತಮ್ಮ ಗೆಳೆಯರ ಪಕ್ಕವೇ ಕೂರುತ್ತಾರೆ. ಆದರೆ ಒಂದು ಗಂಟೆ ಎಲ್ಲರೂ ಒಂದೇ ವಿಷಯ ಕೇಳಿ ಎದ್ದಿದ್ದಾರೆ ಅನ್ನಿ. ಚಹಾದ ಬಾಯ್ಲರ್ ಮುಂದೆ ಸಾಲಿನಲ್ಲಿ ನಿಂತಾಗ ಮಾತು ತಾನಾಗಿ ಹುಟ್ಟುತ್ತದೆ: “ಅವನು ಹೇಳಿದ್ದು ನಿಜವಾ?” “ನನಗೇನೋ ಸುಳ್ಳು ಅನಿಸ್ತು.” ಉಪನ್ಯಾಸ ಚೆನ್ನಾಗಿಲ್ಲದಿದ್ದರೆ ಇನ್ನೂ ಒಳ್ಳೆಯದು, ಎಲ್ಲರಿಗೂ ಬೈಯಲು ಒಬ್ಬ ಸಿಕ್ಕ.

ನಮ್ಮ ಊರಿನವರೇ ಆದ ಒಬ್ಬ ನಿವೃತ್ತ ಕನ್ನಡಿಗ ಎಂಜಿನಿಯರರನ್ನು ಬಲವಂತ ಮಾಡಿ ಕೋಲಾರದ ಚಿನ್ನದ ಗಣಿಯ ಬಗ್ಗೆ ಮಾತಾಡಿಸಿದೆ. ಇಲ್ಲಿ ಯಾರಿಗೆ ಬೇಕು ಕೋಲಾರ ಎಂದು ಅವರು ಹಿಂಜರಿದಿದ್ದರು. ಆದರೆ ಆ ಗಣಿ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಲ್ಲಿನ ಕಂಪನಿ. ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಗಣಿಗಳು ಕುಸಿದಾಗ ಅಲ್ಲಿನ ಕಾರ್ಮಿಕರು ಕೆಲಸ ಹುಡುಕಿಕೊಂಡು ಪ್ರಪಂಚವೆಲ್ಲ ಚದುರಿದರು, ಕೆಲವರು ಕೆಜಿಎಫ್‌ಗೂ ಬಂದರು. ಶಿವನಸಮುದ್ರದಿಂದ 1902ರಲ್ಲಿ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟದ್ದು, ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೇಲೆ 1905ರಲ್ಲಿ, ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆಯ ಬಿಸಿ, 2001ರಲ್ಲಿ ಗಣಿ ಮುಚ್ಚಿದ್ದು, ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದು ಇಂದಿಗೂ ಅಲ್ಲಿ ಬೂದಿ ಬಣ್ಣದ ಗುಡ್ಡಗಳಾಗಿ ನಿಂತಿರುವ ಸಯನೈಡ್ ದಿಬ್ಬಗಳು, ಒಳಗಿಳಿದವರಲ್ಲಿ ಬಹುಪಾಲು ತಮಿಳು, ತೆಲುಗು ಸೀಮೆಯ ಬಡ ದಲಿತ ಕುಟುಂಬಗಳವರು ಎಂಬುದು, ಎಲ್ಲವನ್ನೂ ಹೇಳಿದರು. ಚಹಾದ ಹೊತ್ತಿಗೆ ಕಾರ್ನ್‌ವಾಲ್ ಮೂಲದ ಒಬ್ಬಾಕೆ ಬಂದು, ತಮ್ಮ ಮುತ್ತಜ್ಜನ ಕಾಗದಗಳಲ್ಲಿ ‘ಊರ್ಗಾಮ್’ ಎಂಬ ಊರಿನ ಹೆಸರಿದೆ, ಅದು ಆಫ್ರಿಕಾದಲ್ಲಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆವು ಎಂದರು. ಊರ್ಗಾಮ್ ಇರುವುದು ಕೆಜಿಎಫ್‌ನಲ್ಲೇ. ನಮ್ಮ ಎಂಜಿನಿಯರರ ಚಹಾ ಆರಿಹೋಯಿತು. ಅವರಿಬ್ಬರೂ ಈಗ ಕುಟುಂಬ ಚರಿತ್ರೆಯ ಗುಂಪಿನಲ್ಲಿದ್ದಾರೆ.

ಹೌದು, ದೊಡ್ಡ ಸಭೆಯ ಜೊತೆಗೆ ಸಣ್ಣ ಗುಂಪುಗಳೂ ಇವೆ. ಅವು ಸದಸ್ಯರ ಮನೆಯ ಹಜಾರಗಳಲ್ಲಿ ಸೇರುತ್ತವೆ: ಫ್ರೆಂಚ್, ಹಕ್ಕಿ ನೋಡುವುದು, ಇಸ್ಪೀಟು, ನಡಿಗೆ. ಇವುಗಳಲ್ಲಿ ನಾನು ಎಲ್ಲಕ್ಕಿಂತ ಮೆಚ್ಚುವುದು ಒಂಟಿಯಾಗಿರುವವರ ಭಾನುವಾರದ ಊಟದ ಗುಂಪನ್ನು. ವಾರದ ದಿನ ಹೇಗೋ ಕಳೆಯುತ್ತದೆ. ಭಾನುವಾರ ಮಧ್ಯಾಹ್ನ ಇಲ್ಲಿನ ಬೀದಿಗಳಲ್ಲಿ ಪ್ರತಿ ಮನೆಯೊಳಗೂ ಸಂಸಾರ, ಹೊರಗೆ ಯಾರೂ ಇಲ್ಲ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಆ ಹೊತ್ತಿಗೆ ಯಾವುದಾದರೂ ಪಬ್‌ನಲ್ಲಿ ಒಂದು ಮೇಜು ಹಿಡಿದು ಕೂರುತ್ತಾರೆ. ಯಾರೂ ಯಾರನ್ನೂ ಸಮಾಧಾನ ಮಾಡುವುದಿಲ್ಲ. ಹುರಿದ ಆಲೂಗಡ್ಡೆ ಚೆನ್ನಾಗಿದೆಯೋ ಇಲ್ಲವೋ ಎಂದು ವಾದಿಸುತ್ತಾರೆ.

“ಬರೀ ಬಿಳಿಯರ ಗುಂಪಲ್ವಾ ಅದು?” ಎಂದೂ ಕೇಳುತ್ತಾರೆ. ಬಹುಪಾಲು ಹೌದು. ನಮ್ಮವರು ಬರದಿರುವುದಕ್ಕೆ ಅವರ ತಪ್ಪೆಷ್ಟೋ ನಮ್ಮದೂ ಅಷ್ಟೇ. ದಶಕಗಳ ಕಾಲ ಆಸ್ಪತ್ರೆಗಳಲ್ಲಿ ಅವರ ಹೃದಯ, ಮೂಳೆ, ಕಣ್ಣು ನೋಡಿದ ನಮ್ಮ ವೈದ್ಯರು ನಿವೃತ್ತರಾದ ಕೂಡಲೇ ಅವರ ಜೊತೆ ಚಹಾ ಕುಡಿಯಲು ಸಂಕೋಚಪಡುತ್ತಾರೆ. ಕನ್ನಡ ಬಳಗ ನನಗೆ ತವರು, ಅದನ್ನು ಬಿಡಲಾರೆ. ಆದರೆ ಬಳಗದ ದೀಪಾವಳಿಗೆ ಎರಡು ಗಂಟೆ ಕಾರಿನಲ್ಲಿ ಹೋಗಬೇಕು. ಕಾಲು ಜಾರಿ ಬಿದ್ದ ದಿನ ಬಾಗಿಲು ತಟ್ಟುವವರು ಇದೇ ಬೀದಿಯವರು. ನಡಿಗೆಯ ಗುಂಪನ್ನು ಒಮ್ಮೆ ಲಂಡನ್ನಿಗೆ ಕರೆದುಕೊಂಡು ಹೋಗಿ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆ ತೋರಿಸಿದೆ. 2015ರ ನವೆಂಬರಿನಲ್ಲಿ ಅನಾವರಣವಾದದ್ದು. “ಯಾರಿವರು, ಯಾಕೆ ಇಲ್ಲಿ?” ಎಂಬ ಪ್ರಶ್ನೆಗೆ ಉತ್ತರ ಹೇಳುತ್ತಾ ವಾಟರ್‌ಲೂ ಸ್ಟೇಷನ್‌ವರೆಗೆ ನಡೆದದ್ದೇ ತಿಳಿಯಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ವಚನಗಳ ಮೇಲೆ ಒಂದು ಉಪನ್ಯಾಸವಿದೆ, ಹೇಳಿಕೊಡಬೇಕಾದವಳು ನಾನೇ. ಓದಿಕೊಳ್ಳುತ್ತಿದ್ದೇನೆ.

ಊರಿನವರು ಕೊನೆಗೆ ಕೇಳುವುದು ಇದು: “ನಮ್ಮಲ್ಲೂ ಇಂಥದ್ದು ಮಾಡಬಹುದಾ?” ಉಪನ್ಯಾಸಗಳಿಗೆ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನಲ್ಲಿ 1945ರಲ್ಲೇ ಡಿವಿಜಿಯವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಅದೇ ವರ್ಷ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ ಶುರುವಾಯಿತು. ಎರಡೂ ಕಡೆ ಕೂತು ಕೇಳಿದ ನಿವೃತ್ತರ ತಲೆಮಾರುಗಳೇ ಇವೆ. ನಮ್ಮಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವುದು ಆಮೇಲಿನ ಅರ್ಧ ಗಂಟೆ. ವಂದನಾರ್ಪಣೆ ಮುಗಿದದ್ದೇ ಎಲ್ಲರೂ ಚಪ್ಪಲಿ ಹುಡುಕುತ್ತಾರೆ, ಆಟೋ ಕೂಗುತ್ತಾರೆ. ಇನ್ನೊಂದು ಕೊರತೆ, ವೇದಿಕೆ ಹತ್ತುವವರು ಯಾವಾಗಲೂ ಪಂಡಿತರೇ ಆಗಿರಬೇಕೆಂಬ ನಂಬಿಕೆ.

ನಾದಿನಿಗೆ ನಾನು ಹೇಳಿರುವುದು ಇಷ್ಟು. ಹತ್ತು ಹನ್ನೆರಡು ಜನ ಸಾಕು. ಮೆಟ್ಟಿಲಿಲ್ಲದ, ಫ್ಯಾನಿರುವ, ಶೌಚಾಲಯ ಹತ್ತಿರವಿರುವ ಒಂದು ಕೋಣೆ ನೋಡು. ಕಾಫಿಗೆ ತಲಾ ಇಷ್ಟು ಎಂದು ಮೊದಲೇ ವಸೂಲಿ ಮಾಡು, ಯಾರೋ ಒಬ್ಬರು ಉದಾರಿ ಕೊಡಿಸುತ್ತಾರೆ ಎಂದು ಬಿಟ್ಟರೆ ಅವರ ಉಪನ್ಯಾಸವನ್ನೂ ಕೇಳಬೇಕಾಗುತ್ತದೆ. ಮೊದಲನೇ ತಿಂಗಳು ಪ್ರಾಧ್ಯಾಪಕರನ್ನು ಕರೆಯಬೇಡ. ನಿಮ್ಮ ಬೀದಿಯಲ್ಲಿ ಕೆಎಸ್‌ಆರ್‌ಟಿಸಿ ಡಿಪೋದಲ್ಲಿದ್ದು ನಿವೃತ್ತರಾದವರೊಬ್ಬರು ಇದ್ದಾರಲ್ಲ, ದಸರಾದ ಹತ್ತು ದಿನ ಅಷ್ಟೊಂದು ಬಸ್ಸು, ಡ್ರೈವರುಗಳನ್ನು ಎಲ್ಲಿಂದ ಹೊಂದಿಸುತ್ತಿದ್ದರು ಎಂದು ಅವರನ್ನು ಕೇಳು. ಮೈಕ್ ಕೊಡು. ನಲವತ್ತು ನಿಮಿಷಕ್ಕೆ ನಿಲ್ಲಿಸು, ಇಲ್ಲವಾದರೆ ಕಾಫಿ ತಣ್ಣಗಾಗುತ್ತದೆ.