ಡಿಂಗಲ್‌ಗೆ ಹೋದರೆ ಆ ಒಂದು ಕಲ್ಲು ನೋಡಿ ಬನ್ನಿ

ಡಿಂಗಲ್ ಅಂದರೆ ಐರ್ಲೆಂಡ್‌ನ ನೈಋತ್ಯ ತುದಿಯ ಒಂದು ಪರ್ಯಾಯ ದ್ವೀಪ, ಅಲ್ಲಿನ ಪೇಟೆಗೂ ಅದೇ ಹೆಸರು. ಮೊದಲೇ ಹೇಳಿಬಿಡುತ್ತೇನೆ, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾ ಐರ್ಲೆಂಡ್‌ನಲ್ಲಿ ನಡೆಯುವುದಿಲ್ಲ, ಬೇರೆಯದೇ ಬೇಕು. ಡಬ್ಲಿನ್‌ನಿಂದ ಟ್ರಲೀವರೆಗೆ ರೈಲು, ಸುಮಾರು 4 ಗಂಟೆ. ಅಲ್ಲಿಂದ ಡಿಂಗಲ್‌ಗೆ ಬಸ್ ಇದೆ, ಆದರೆ ಹಳೆಯ ಬರಹದ ಕಲ್ಲು ಹುಡುಕಿಕೊಂಡು ಸುತ್ತುವವರಿಗೆ ಕಾರೇ ಸರಿ. ನಮ್ಮ ಹಾಗೇ ಎಡಗಡೆ ಓಡಿಸುವುದು, ಅದೊಂದು ಸಮಾಧಾನ.

ಈ ಭಾಗದಲ್ಲಿ ಹಿಂದೆ ಕಾರ್ಕು ಡುಯಿಬ್ನೆ ಎಂಬ ಜನ ಇದ್ದರು. ಐರಿಷ್‌ನಲ್ಲಿ ಈ ಪರ್ಯಾಯ ದ್ವೀಪಕ್ಕೆ ಇವತ್ತಿಗೂ ಅವರದೇ ಹೆಸರು. ಡೊವಿನಿಯಾ ಅನ್ನುವವಳು ತಮ್ಮ ಮೂಲ ತಾಯಿ ಎಂದು ನಂಬಿದ್ದವರು, ಅವಳ ಹೆಸರನ್ನು ಕಲ್ಲಿನ ಮೇಲೂ ಕೊರೆಸಿದ್ದಾರೆ.

ಅಂಥ ಒಂದು ಕಲ್ಲು ಡನ್‌ಮೋರ್ ಹೆಡ್ ಎಂಬ ಕಡಲ ಚಾಚಿನ ಮೇಲಿದೆ. ಪರ್ಯಾಯ ದ್ವೀಪದ ತುದಿ ಸುತ್ತುವ ಸ್ಲೀ ಹೆಡ್ ರಸ್ತೆಯಲ್ಲಿ ಹೋಗುವವರು ಹೆಚ್ಚಿನವರು ಕೆಳಗಿನ ಕೂಮಿನೋಲ್ ಬೀಚ್‌ನಲ್ಲಿ ಫೋಟೊ ತೆಗೆದುಕೊಂಡು ಮುಂದೆ ಹೋಗಿಬಿಡುತ್ತಾರೆ. ನೀವು ಕಾರು ನಿಲ್ಲಿಸಿ, ಕುರಿ ಮೇಯುವ ಗುಡ್ಡ ಹತ್ತಿ. ಮೇಲೆ ಗಾಳಿಗೆ ಮೈಯೊಡ್ಡಿ ಒಂಟಿ ಕಲ್ಲು ನಿಂತಿರುತ್ತದೆ. ಅಂಚಿನ ಉದ್ದಕ್ಕೂ ಬರೀ ಗೀರುಗಳು, ಅದೇ ಓಘಮ್, ಐರಿಷ್ ಭಾಷೆಯ ಹಳೇ ಲಿಪಿ. ಕೆಳಗಿನಿಂದ ಮೇಲಕ್ಕೆ ಓದಬೇಕು, ನಮ್ಮ ವೀರಗಲ್ಲಿನ ಚಿತ್ರಗಳ ಹಾಗೆ! ಎರ್ಕ್ ಎಂಬವನ ಹೆಸರು, ಕೊನೆಯಲ್ಲಿ ಡೊವಿನಿಯಾ. ನಾವು ಮಧ್ಯಾಹ್ನ ಹೋಗಿ ಏನೂ ಕಾಣದೆ ಬೆರಳಾಡಿಸಿ ಗೀರು ಎಣಿಸಿದೆವು. ಬಿಸಿಲು ಓರೆಯಾಗಿ ಬೀಳುವ ಸಂಜೆ ಹೋಗಿ, ಚೆನ್ನಾಗಿ ಕಾಣುತ್ತದೆ. ಜಾರದ ಶೂ ಹಾಕಿಕೊಳ್ಳಿ. ನಾನು ಸ್ಯಾಂಡಲ್ ಹಾಕಿಕೊಂಡು ಹೋಗಿ ಒದ್ದೆ ಹುಲ್ಲಲ್ಲಿ ಎರಡು ಸಲ ಕೂತೆ.

ಸ್ಲೀ ಹೆಡ್ ಸುತ್ತನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಮಾಡಿ. ರಸ್ತೆ ಕಿರಿದು, ದೊಡ್ಡ ಬಸ್ಸುಗಳೂ ಅದೇ ದಿಕ್ಕಿನಲ್ಲಿ ಹೋಗುತ್ತವೆ, ಉಲ್ಟಾ ಹೋಗಿ ಎದುರು ಸಿಕ್ಕಿಕೊಂಡರೆ ರಿವರ್ಸ್ ಹೊಡೆಯುವ ಪಾಡು ಬೇಡ. ಮುಂದೆ ಗ್ಯಾಲರಸ್, ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಪುಟ್ಟ ಪ್ರಾರ್ಥನಾ ಮಂದಿರ, ದೋಣಿ ಕವುಚಿ ಹಾಕಿದ ಹಾಗಿದೆ. ಕಿಲ್‌ಮಾಲ್ಕೆಡರ್‌ನಲ್ಲಿ ತಲೆಯಲ್ಲಿ ತೂತಿರುವ ಓಘಮ್ ಕಲ್ಲು ಇದೆ. ಡಿಂಗಲ್ ಪೇಟೆಯ ಹತ್ತಿರದ ಬಾಲಿಂಟ್ಯಾಗರ್ಟ್‌ನಲ್ಲಿ ಒಂದೇ ಕಡೆ 9 ಕಲ್ಲು, ನಾವು ಹೋದಾಗ ಒಬ್ಬರೂ ಇರಲಿಲ್ಲ.

ಕಾರ್ಕು ಡುಯಿಬ್ನೆಯವರ ನೆಲ ಕೊಲ್ಲಿಯಾಚೆಯ ಐವೆರಾಗ್ ಪರ್ಯಾಯ ದ್ವೀಪದಲ್ಲೂ ಇತ್ತು. ಈ ದಡದಿಂದ ನೋಡಿದರೆ ಇಲ್ಲೇ ಇದೆ ಅನಿಸುತ್ತದೆ ಅಲ್ವಾ, ಆದರೆ ರಸ್ತೆಯಲ್ಲಿ ಕೊಲ್ಲಿಯನ್ನು ಬಳಸಿಕೊಂಡೇ ಹೋಗಬೇಕು. ಒಂದೇ ದಿನ ಎರಡೂ ಅಂತ ಸುಮ್ನೆ ಓಡಬೇಡಿ, ಅಲ್ಲಿನ ಕಾಹೆರ್‌ಸಿವೀನ್ ಪೇಟೆಯಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಕಾಹರ್‌ಗಾಲ್ ಕಲ್ಲಿನ ಕೋಟೆ ನೋಡಿಕೊಂಡು ಹೊರಡಿ.